ಸಮಾಧಾನ ಬಾಬ್ತು

ಸಂಬಳದ ಚೀಟಿ ಕೈಗೆ ಬಂದ ದಿನ ಮಹಾನಂದಾ ಅದನ್ನು ನಾಲ್ಕು ಮಡಿಕೆ ಮಾಡಿ, ಖಾಲಿಯಾದ ಬುತ್ತಿ ಡಬ್ಬಿಯ ಕೆಳಗೆ ಇಟ್ಟುಕೊಂಡು ಮನೆಗೆ ಬರುತ್ತಿದ್ದಳು. ಬಸ್ಸಿನಲ್ಲಿ ಬೇರೆ ಹೆಣ್ಣುಮಕ್ಕಳು ತಮ್ಮ ಚೀಟಿ ಬಿಚ್ಚಿ, "ಹದಿನೇಳು ಬೇ ನಂದು!", "ನಂದು ಹತ್ತೊಂಬತ್ತು, ಮುಂದಿನ ತಿಂಗಳಾ ನೋಡು" ಎಂದು ಹೇಳಿಕೊಳ್ಳುವಾಗ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಯಾರಾದರೂ ಕೇಳಿದರೆ ಇನ್ನೂ ಕೊಟ್ಟಿಲ್ಲ ಅನ್ನುತ್ತಿದ್ದಳು.

ಅವಳ ಚೀಟಿಯಲ್ಲಿ ಎಂಬತ್ತೊಂದು ಎಂದಿತ್ತು.

ಸಮತೂಕದ ಕಾಯ್ದೆ ಬಂದು ಹತ್ತು ವರ್ಷವಾಗಿತ್ತು. ಕೆಲಸ ಎನ್ನುವುದು ಮನುಷ್ಯನಿಗೆ ಎರಡು ಥರ ಸಂಬಳ ಕೊಡುತ್ತದೆ, ಒಂದು ಕೈಗೆ, ಇನ್ನೊಂದು ಮನಸ್ಸಿಗೆ. ಮನಸ್ಸಿಗೆ ಸಿಕ್ಕಷ್ಟನ್ನು ಕೈಯದರಲ್ಲಿ ಕಳೆಯಬೇಕು ಎಂಬುದು ಅದರ ತಿರುಳು. ಎಲ್ಲರ ಚೀಟಿಯಲ್ಲೂ ಎರಡು ಸಾಲು. ಮೇಲಿನದು ನಗದು ಬಾಬ್ತು, ಕೆಳಗಿನದು ಸಮಾಧಾನ ಬಾಬ್ತು. ಎರಡೂ ಕೂಡಿದರೆ ನೂರು. ಜನ ಅಂಕ ಅನ್ನುತ್ತಿದ್ದದ್ದು ಕೆಳಗಿನದಕ್ಕೆ. ಗಟಾರ ಬಳಿಯುವವನಿಗೆ ಆ ಕೆಲಸದಿಂದ ಯಾವ ಸುಖವೂ ಇಲ್ಲವಾದ್ದರಿಂದ ರೊಕ್ಕ ಹೆಚ್ಚು. ನೆರಳಲ್ಲಿ ಕೂತು ಇಷ್ಟದ ಕೆಲಸ ಮಾಡುವವನಿಗೆ ಕಡಿಮೆ. ಮಹಾನಂದಾಳಿಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಗದಗಿನಲ್ಲಿ ಅವರ ಓಣಿಗೆ ಮೊದಲ ಎರಡಂತಸ್ತಿನ ಮನೆ ಕಟ್ಟಿಸಿದವನು ಗಟಾರದ ಗಾಡಿ ಹೊಡೆಯುವ ಹನಮಂತ. ಅವನ ಗೃಹಪ್ರವೇಶಕ್ಕೆ ಕಾಲೇಜಿನ ಇಬ್ಬರು ಪ್ರೊಫೆಸರುಗಳು ಸಿಟಿ ಬಸ್ಸಿನಲ್ಲಿ ಬಂದು ಉಂಡು ಹೋಗಿದ್ದರು.

ಅಳೆಯುವುದು ಉಂಗುರದ ಕೆಲಸ. ಕೆಲಸಕ್ಕೆ ಬಂದವರು ಬಾಗಿಲಲ್ಲೇ ಒಂದು ಬಿಳಿ ಉಂಗುರ ತೊಟ್ಟು, ಹೋಗುವಾಗ ಬಿಚ್ಚಿ ಕೊಡಬೇಕು. ತಾಸಿಗೊಮ್ಮೆ ಅದು ಬೆರಳನ್ನು ಮೆಲ್ಲಗೆ ಒತ್ತುತ್ತದೆ. ಆ ಹೊತ್ತಿನಲ್ಲಿ ಬೆರಳ ತುದಿಯ ರಕ್ತ ಎಷ್ಟು ಬೆಚ್ಚಗಿದೆ, ನಾಡಿ ಎಷ್ಟು ನಿರಾಳವಾಗಿದೆ ಎಂದು ನೋಡಿಕೊಳ್ಳುತ್ತದೆ. ಕೆಲಸದಲ್ಲಿ ಮನಸ್ಸು ನೆಟ್ಟವರ ಬೆರಳು ಬೆಚ್ಚಗಿರುತ್ತದಂತೆ, ಎದ್ದು ಓಡಿಹೋಗಬೇಕು ಅನಿಸುವವರದು ತಣ್ಣಗಾಗುತ್ತದಂತೆ. ಕೈಯಲ್ಲಿ ಐಸು ಹಿಡಿದು ನೋಡಿದವರಿದ್ದರು. ಹೊರಗಿನ ತಂಪು ಯಾವುದು, ಒಳಗಿನ ತಂಪು ಯಾವುದು ಎಂದು ಉಂಗುರ ಕಂಡುಹಿಡಿಯುತ್ತಿತ್ತು. ಸಿಕ್ಕಿಬಿದ್ದವರ ಆರು ತಿಂಗಳ ಸಂಬಳ ಹೋಯಿತು.

ಆಮೇಲೆ ಜನ ಬೇರೆ ದಾರಿಗೆ ಹೊಂದಿಕೊಂಡರು. ಹೆಣ್ಣು ನೋಡಲು ಬಂದವರು ಹುಡುಗನ ಅಂಕ ಇಪ್ಪತ್ತರ ಒಳಗೆ ಎಂದು ಬೀಗುತ್ತಿದ್ದರು. ನೂಲಿನ ಗಿರಣಿಯವರು ಮೆತ್ತನೆಯ ಕುರ್ಚಿ ತಂದು ಹಾಕಿದಾಗ ಕೂಲಿಕಾರರು ಅವನ್ನು ಹೊರಗೆ ಎಸೆದು ಧರಣಿ ಕೂತರು. ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಗಿರಮಿಟ್ಟು ರುಚಿಯಾಗಿದೆ ಎಂದು ಅಡುಗೆಯವನ ಮೇಲೆ ಅರ್ಜಿ ಬಿದ್ದಿತ್ತು. ಅಂಕ ಕಡಿಮೆ ಇದ್ದವರು ಮನೆಗೆ ದುಡಿಯುವವರು. ಹೆಚ್ಚಿದ್ದವರು ಹೊರಗೆ ಹೋಗಿ ಮಜಾ ಮಾಡಿ ಬರುವವರು. ಹೆಣ್ಣುಮಗಳಾದರೆ ಆ ಮಾತಿಗೆ ಇನ್ನೊಂದು ಅರ್ಥವೂ ಹತ್ತುತ್ತಿತ್ತು.

ಮನೆಯಲ್ಲಿ ಅವ್ವ ನಿಂಬೆವ್ವ ಒಲೆಯ ಮುಂದೆ ಕಾಲು ಚಾಚಿ ಕೂತು ರೊಟ್ಟಿ ತಟ್ಟುತ್ತಿದ್ದಳು. ಮೊಣಕಾಲು ಬಾವು ಬಂದು ಏಳು ತಿಂಗಳಿಂದ ಅವಳು ಮಹಡಿಯ ಮೆಟ್ಟಿಲಿಳಿದಿರಲಿಲ್ಲ. ಉಬ್ಬಿದ ಮೊದಲ ರೊಟ್ಟಿಯನ್ನು ಎಂದಿನಂತೆ ದೊಡ್ಡ ಮಗಳು ಕಸ್ತೂರಿಯ ತಾಟಿಗೆ ಹಾಕಿದಳು. ಕಸ್ತೂರಿಯ ಅಂಕ ಹದಿನಾಲ್ಕು. ಮನೆಯ ಬಾಡಿಗೆ, ಔಷಧ, ಸಂತೆ ಎಲ್ಲ ಅವಳದೇ.

"ಎಷ್ಟ ಬಂತವಾ ನಿಂದು?" ಅವ್ವ ಕೇಳಿದಳು.

ಮಹಾನಂದಾ ಚೀಟಿ ಕೊಟ್ಟಳು. ಅವ್ವನಿಗೆ ಓದು ಬರುತ್ತಿರಲಿಲ್ಲ, ಅಂಕಿ ಗೊತ್ತಾಗುತ್ತಿತ್ತು.

"ಎಂಬತ್ತೊಂದು! ಹೋದ ತಿಂಗಳಿಗಿಂತ ಏರೇತಲ್ಲ. ಅಲ್ಲಿ ಏನು ಜೋಕಾಲಿ ಕಟ್ಟ್ಯಾರೇನ ನಿನಗ?"

ಕಸ್ತೂರಿ ನಗಲಿಲ್ಲ. ತಲೆ ಎತ್ತದೆ ರೊಟ್ಟಿ ಮುರಿದಳು. ಅಕ್ಕ ಮನೆಯಲ್ಲಿ ನಗುವುದು ಕಡಿಮೆ. ದಿನವಿಡೀ ಬೈಸಿಕೊಂಡು ಬಂದವಳಿಗೆ ನಗು ಎಲ್ಲಿಂದ ಬರಬೇಕು ಎಂದು ಮಹಾನಂದಾ ತನ್ನ ರೊಟ್ಟಿಯನ್ನು ಸದ್ದಾಗದಂತೆ ಅಗಿದಳು.

*

ಗುಡ್ಡದ ಮೇಲೆ ನಲವತ್ತೆರಡು ಗಾಳಿಯಂತ್ರಗಳಿದ್ದವು. ಸುತ್ತಲಿನ ಊರವರೆಲ್ಲ ಅವನ್ನು ಫ್ಯಾನು ಅನ್ನುತ್ತಿದ್ದರು. ಕಂಟ್ರೋಲ್ ರೂಮಿನಲ್ಲಿ ಒಂದು ಸಣ್ಣ ಕೋಣೆಗೆ ದಪ್ಪ ಗೋಡೆ, ಒಂದು ಕುರ್ಚಿ, ಒಂದು ಹೆಡ್‌ಫೋನು. ಪ್ರತಿ ಫ್ಯಾನಿನ ಬುಡದಲ್ಲೂ ಒಂದು ಮೈಕು. ಒಂದೊಂದನ್ನೇ ಹಚ್ಚಿ ಕೇಳುವುದು ಮಹಾನಂದಾಳ ಕೆಲಸ.

ಅವಳು ಅಲ್ಲಿಗೆ ಬಂದದ್ದು ಕಸ ಗುಡಿಸಲು. ಒಂದು ದಿನ ಸ್ಪೀಕರಿನಲ್ಲಿ ಫ್ಯಾನುಗಳ ಸದ್ದು ಬರುತ್ತಿರುವಾಗ ಕಸಬರಿಗೆ ಹಿಡಿದು ನಿಂತು, "ಇದರದು ಒಂದು ಉಸಿರು ಸಣ್ಣದೈತ್ರಿ" ಎಂದು ತನಗೇ ಎಂಬಂತೆ ಅಂದಳು. ಮುಖ್ಯಸ್ಥ ಸಂಶಿ ಸರ್ ಆಗ ನಕ್ಕಿದ್ದರು. ಮರುದಿನ ಆ ಫ್ಯಾನಿನ ರೆಕ್ಕೆಯಲ್ಲಿ ಕೂದಲೆಳೆಯ ಬಿರುಕು ಸಿಕ್ಕಿತು. ಫ್ಯಾನಿಗೆ ಮೂರು ರೆಕ್ಕೆ. ಒಂದೊಂದು ರೆಕ್ಕೆ ಕಂಬದ ಮುಂದೆ ಹಾದುಹೋಗುವಾಗ ಹುಯ್ ಎಂದು ಒಂದು ಉಸಿರು. ಬಿರುಕು ಬಿಟ್ಟ ರೆಕ್ಕೆ ಹೆಚ್ಚಿನ ಸದ್ದೇನೂ ಮಾಡುವುದಿಲ್ಲ, ಇದ್ದ ಉಸಿರಿನಲ್ಲೇ ಚೂರು ನುಂಗಿಕೊಳ್ಳುತ್ತದೆ. ಇರುವ ಸದ್ದನ್ನು ಕಂಪ್ಯೂಟರು ಹಿಡಿಯುತ್ತಿತ್ತು. ನುಂಗಿದ್ದನ್ನು ಹಿಡಿಯಲು ಇವಳೇ ಬೇಕಾಗಿತ್ತು.

ಹೋದ ತಿಂಗಳು ಇಪ್ಪತ್ತೇಳನೆಯ ಫ್ಯಾನನ್ನು ನಿಲ್ಲಿಸಿ ಎಂದಿದ್ದಳು. ಮೇಲೆ ಹತ್ತಿ ನೋಡಿದವರಿಗೆ ಗೇಣುದ್ದದ ಬಿರುಕು ಕಂಡಿತು. ಅದರ ಕೆಳಗೆ ಕುರಿಯವರು ಹಟ್ಟಿ ಹಾಕಿಕೊಂಡಿದ್ದರು. ಇದು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಅದರ ಮರುದಿನ ಅವಳು ಆ ಕುರಿಯವರ ಹೆಂಗಸು ಹಟ್ಟಿಯ ಮುಂದೆ ಮಗುವಿನ ತಲೆ ಬಾಚುವುದನ್ನು ಮೈಕಿನಲ್ಲೇ ಕೇಳಿದ್ದಳು. ಮಗು ಕೂಗುತ್ತಿತ್ತು, ತಾಯಿ ಬೈಯುತ್ತಿದ್ದಳು. ಉಂಗುರ ಒತ್ತಿದ್ದೂ ಅವಳ ಗಮನಕ್ಕೆ ಬರಲಿಲ್ಲ. ಆ ತಾಸಿನ ಅಂಕ ತೊಂಬತ್ತಾರು ಎಂದು ಆಮೇಲೆ ನೋಡಿ, ಯಾರಾದರೂ ಕಂಡರೇನೋ ಎಂದು ಹಿಂದೆ ತಿರುಗಿ ನೋಡಿದ್ದಳು.

ಎಂಬತ್ತೊಂದರ ಚೀಟಿ ಬಂದ ಮರುದಿನ ಸಂಶಿ ಸರ್ ಒಂದು ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನೋಡ್ರಿ ಮಹಾನಂದಾ, ಇದನ್ನ ನಿಮಗ ತೋರಿಸಬಾರದು ಅಂತ ಎರಡ ದಿನ ಟೇಬಲ್ಲಿನ ಖಾನೆದಾಗ ಇಟ್ಟಿದ್ದೆ. ಹಂಗ ಮಾಡೂದು ಸರಿ ಅನಸಲಿಲ್ಲ. ದೂರಿನ ಕೋಣೆಯೊಳಗ ಒಂದು ಜಾಗ ಖಾಲಿ ಐತಿ. ಅಲ್ಲಿ ಎಲ್ಲಾರದೂ ಹದಿನೈದು, ಹದಿನಾರು. ನಿಮ್ಮ ನಗದು ನಾಕು ಪಟ್ಟು ಆಗತೈತಿ."

ದೂರಿನ ಕೋಣೆ ಕಂಪನಿಯ ಪೇಟೆ ಕಚೇರಿಯಲ್ಲಿತ್ತು. ಕಸ್ತೂರಿ ಆರು ವರ್ಷದಿಂದ ಇದ್ದದ್ದು ಅಲ್ಲೇ. ಫ್ಯಾನಿನ ಮೇಲೆ ಸಿಟ್ಟಿದ್ದವರೆಲ್ಲ ಅಲ್ಲಿಗೆ ಫೋನು ಮಾಡಿ ಬೈಯುತ್ತಾರೆ.

"ಸೋಮವಾರ ಹೇಳ್ರಿ. ಶುಕ್ರವಾರ ಒಂದ ದಿನ ಕುಂತ ನೋಡಿ ಬರಾಕ ಅವಕಾಶ ಐತಿ." ಅವರು ಹೆಡ್‌ಫೋನಿನ ತಂತಿಯನ್ನು ಸುಮ್ಮನೆ ಸರಿಪಡಿಸಿದರು. "ನೀವು ಹೋದ್ರ ಇಲ್ಲಿ ನನಗ ಕಿವಿ ಇಲ್ಲ. ಆದ್ರ ಅದನ್ನ ಹೇಳಿ ನಿಮ್ಮನ್ನ ಹಿಡಕೊಳ್ಳೂದು ನಾಚಿಕಿಗೇಡು. ಮನಿ ಪರಿಸ್ಥಿತಿ ನನಗೂ ಗೊತ್ತೈತಿ."

*

"ಹೋಗು" ಅಂದಳು ಅವ್ವ, ಮಾತು ಮುಗಿಯುವ ಮೊದಲೇ. "ಇಬ್ಬರದೂ ಕೂಡಿದ್ರ ಆ ಬಾವಿ ಓಣಿ ಮನಿ ಹಿಡೀಬಹುದು. ನೆಲದ ಮ್ಯಾಲಿನ ಮನಿ. ಮುಂದ ಕಟ್ಟಿ ಐತಿ. ಕಟ್ಟಿ ಮ್ಯಾಲೆ ಕುಂತು ನಾಕು ಮಂದಿ ಮುಖ ನೋಡತೀನಿ. ಇಲ್ಲಿ ಗ್ವಾಡಿ ನೋಡಿ ನೋಡಿ ಹಲ್ಲಿ ಎಲ್ಲಾ ಬೀಗರಾಗ್ಯಾವು ನನಗ."

"ಬರೂದು ಬ್ಯಾಡ" ಅಂದಳು ಕಸ್ತೂರಿ.

ಅವಳು ಅಷ್ಟು ಜೋರಾಗಿ ಮಾತಾಡಿದ್ದು ಅಪರೂಪ. ಅವ್ವ ಲಟ್ಟಣಿಗೆ ಕೆಳಗಿಟ್ಟಳು.

"ಯಾಕ?"

"ಅದು ನರಕ ಬೇ ಯವ್ವಾ. ಮುಂಜಾನಿಂದ ಸಂಜಿತನಕ ಅವ್ವ ಅಕ್ಕ ಅಂತ ಬೈಸಿಕೊಳ್ಳೂದು. ಇಕಿ ನೋಡು, ಯಾರರ ಜೋರ್ ಮಾತಾಡಿದ್ರ ಗ್ವಾಡಿಗೆ ಹತ್ತತಾಳ. ಇಕಿ ತಡಕೊಳ್ಳಂಗಿಲ್ಲ."

"ನೀ ತಡಕೊಂಡಿ, ಇಕಿ ತಡಕೊಳ್ಳಾಕ ಏನು? ಎಲ್ಲಾ ಸಂಕಟ ನೀ ಒಬ್ಬಾಕಿನs ಹೊತ್ತಕೊಂಡ ಹೋಗಬೇಕೇನು?"

ತನ್ನನ್ನು ಉಳಿಸಲು ಅಕ್ಕ ಹಾಗೆ ಹೇಳಿದಳು ಎಂದು ಮಹಾನಂದಾಳಿಗೆ ಕಿವಿ ಬಿಸಿಯಾಯಿತು. ತಾನು ಎಂಟನೆಯ ತರಗತಿ ಮುಗಿಸದ ದಡ್ಡಿ. ಹತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡು ಅವ್ವ ಹಾಸಿಗೆ ಹಿಡಿದಾಗ ಇಬ್ಬರಲ್ಲಿ ಒಬ್ಬಳು ಮನೆಯಲ್ಲಿ ಉಳಿಯಬೇಕಾಯಿತು. ಅಕ್ಕನಿಗೆ ಆಗಷ್ಟೇ ಐಟಿಐ ಸೀಟು ಸಿಕ್ಕಿತ್ತು. ಮಾಸ್ತರರನ್ನು ಕೇಳಿ ಬಾ ಎಂದು ಅವ್ವ ಅಕ್ಕನನ್ನೇ ಶಾಲೆಗೆ ಕಳಿಸಿದಳು. ಅಕ್ಕ ಬಂದು, "ಇಕಿ ತಲಿಗೆ ಏನೂ ಹತ್ತೂದಿಲ್ಲಂತ, ಪಾಸಾಗೂದಿಲ್ಲಂತ" ಎಂದದ್ದನ್ನು ಅವಳು ಕದದ ಹಿಂದೆ ನಿಂತು ಕೇಳಿದ್ದಳು. ಅದರ ಹಿಂದಿನ ದಿನವೇ ತನ್ನ ಶಾಲೆಯ ಕೊನೆಯ ದಿನ ಎಂದು ಗೊತ್ತಿಲ್ಲದೆ ಚೀಲವನ್ನು ಅಲ್ಲೇ ಬಿಟ್ಟು ಬಂದಿದ್ದಳು. ಚೀಲ ಕೊಡಲು ಶಾಲೆಯಿಂದ ಒಬ್ಬರೂ ಬರಲಿಲ್ಲ. ದಡ್ಡಿಯ ಚೀಲ ಯಾರಿಗೆ ಬೇಕು.

"ಶುಕ್ರವಾರ ನೋಡಿ ಬರತೀನಿ" ಎಂದಳು.

*

ದೂರಿನ ಕೋಣೆಯ ಬಾಗಿಲಿನವರೆಗೆ ಅಕ್ಕ ತಂಗಿ ಒಟ್ಟಿಗೇ ಬಂದರು. ಅಲ್ಲಿ ಕಸ್ತೂರಿ ತಂಗಿಯ ಮುಂಗೈ ಹಿಡಿದು, "ಇಲ್ಲಿ ನೋಡಿದ್ದನ್ನ ಅವ್ವಗ ಹೇಳಬ್ಯಾಡ" ಎಂದಳು. ಬೈಗುಳದ ಮಾತಿರಬೇಕು ಎಂದುಕೊಂಡು ಮಹಾನಂದಾ ತಲೆಯಾಡಿಸಿದಳು.

ಒಳಗೆ ಎಂಟು ಮಂದಿ ಹೆಂಗಸರು. ಎಲ್ಲರಿಗೂ ಹಿರಿಯಳಾದ ಮೆಹಬೂಬಿ ಎಲೆಯಡಿಕೆ ಜಗಿಯುತ್ತ ಎದ್ದು ಬಂದು, "ಬಂದ್ಯಾ ನಮ್ಮವ್ವಾ? ಬಾ, ಬೈಸಿಕೊಳ್ಳು ಬಾ" ಎಂದು ಮೂಲೆಯ ಸ್ಟೂಲಿನಲ್ಲಿ ಕೂರಿಸಿದಳು. ಫೋನುಗಳು ಶುರುವಾದವು. ಫ್ಯಾನಿನ ಸದ್ದಿಗೆ ಎಮ್ಮೆ ಹಾಲು ಇಳಿಸುವುದಿಲ್ಲವಂತೆ. ಫ್ಯಾನು ಮೋಡ ಓಡಿಸಿತಂತೆ. ಒಬ್ಬ ದೂರು ಏನೆಂದು ಹೇಳದೆ ಬರೀ ಬೈದು ಇಟ್ಟ. ಮೆಹಬೂಬಿ ರಿಸೀವರ್ ಇಟ್ಟು, "ಇಂವಾ ಹೊಸಾ ಬೈಗುಳ ಕಲತಾನ್ರೇ, ಬರಕೊಳ್ರಿ" ಎಂದಳು. ಕೋಣೆಯೆಲ್ಲ ನಕ್ಕಿತು.

ಹನ್ನೊಂದಕ್ಕೆ ಕಸ್ತೂರಿಯ ಫೋನು ಹೊಡೆದುಕೊಂಡಿತು.

"ಬಂದ ನಿನ್ನ ಗೆಣೆಯಾ" ಎಂದಳು ಪಕ್ಕದವಳು.

"ಏನಜ್ಜಾ, ಎದ್ದೆ?" ಅಂದಳು ಕಸ್ತೂರಿ. ಆ ದನಿಯನ್ನು ಮಹಾನಂದಾ ಹಿಂದೆಂದೂ ಕೇಳಿರಲಿಲ್ಲ. "ಮತ್ತ ನೆರಳ ಬಿತ್ತ ಮುಖದ ಮ್ಯಾಲೆ? ದಿನಾ ಹೇಳತೀನಲ್ಲ, ಹಾಸಿಗಿ ನಾಕು ಮಳ ಆ ಕಡೆ ಸರಿಸು ಅಂತ. ಫ್ಯಾನ್ ಸರಿಸು ಅಂದ್ರ ಹೆಂಗ ಸರಿಸಲಿ? ನನ್ನ ಸೊಂಟಾ ಉಳೀತೈತೇನ? ಹ್ಞಾ... ಹ್ಞಾ... ನಿನ್ನ ಸೊಸಿ ಇವತ್ತೇನ ಮಾಡ್ಯಾಳ ಊಟಕ್ಕ?"

ಅಕ್ಕ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, ಕಾಲು ಅಲ್ಲಾಡಿಸುತ್ತ, ಬಾಯಿ ತುಂಬ ನಗುತ್ತಿದ್ದಳು. ಅವಳಿಗೆ ಬಲಗೆನ್ನೆಯಲ್ಲಿ ಕುಳಿ ಬೀಳುತ್ತದೆ ಎಂಬುದು ಮಹಾನಂದಾಳಿಗೆ ಮರೆತೇ ಹೋಗಿತ್ತು. ಆರು ವರ್ಷದಿಂದ ಉಬ್ಬಿದ ಮೊದಲ ರೊಟ್ಟಿ ಯಾರ ತಾಟಿಗೆ ಹೋಗುತ್ತಿತ್ತೋ ಅವಳು ಇವಳೇ. ಮಹಾನಂದಾಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಅಕ್ಕ ಮೈತೊಳೆಯುವಾಗ ಬಾಗಿಲು ತೆರೆದಂಥ ಮುಜುಗರ. ನೆಲ ನೋಡಿದಳು.

ಆಗ ಮೆಹಬೂಬಿ ಗಡಿಯಾರ ನೋಡಿ ಚಪ್ಪಾಳೆ ತಟ್ಟಿದಳು. "ಎತ್ರವಾ ಕಲ್ಲು!"

ನಗು ನಿಂತಿತು. ಎಂಟು ಮಂದಿಯೂ ಕೈಗಳನ್ನು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ತಲೆ ಬಗ್ಗಿಸಿದರು. ಯಾರೋ ಸಣ್ಣಗೆ ನರಳಿದರು. ಕಸ್ತೂರಿಯ ಕೆನ್ನೆ ಕೆಂಪಗಾಯಿತು, ಕಿವಿ ಕೆಂಪಗಾಯಿತು. ಮೇಜಿನ ಮೇಲಿನ ಬೆರಳುಗಳು ಮಾತ್ರ ಸುಣ್ಣದ ಹಾಗೆ ಬೆಳ್ಳಗಾದವು. ಉಂಗುರಗಳು ಒತ್ತಿ ಬಿಟ್ಟವು. ಹತ್ತು ಎಣಿಸುವಷ್ಟರಲ್ಲಿ ಎಲ್ಲ ಮುಗಿಯಿತು. ಮೆಹಬೂಬಿ ನಿಟ್ಟುಸಿರಿಟ್ಟು, "ಇಳಸ್ರಿ" ಎಂದಳು. ಕಸ್ತೂರಿ ಎದ್ದು ತಂಗಿಯ ಕಡೆ ನೋಡದೆ ಚಹಾ ತರಲು ಹೊರಗೆ ಹೋದಳು.

"ಏನಿದು ಚಾಚಿ?" ಮಹಾನಂದಾ ಪಿಸುಗುಟ್ಟಿದಳು.

"ಉಂಗರಕ್ಕ ಬ್ಯಾಸರಾ ಯಾವುದು, ನಾಚಿಕಿ ಯಾವುದು ತಿಳಿಯಂಗಿಲ್ಲ ಮಗಳs. ನಾಚಿಕಿ ಬಂದ್ರ ರಕ್ತ ಎಲ್ಲಾ ಮುಖಕ್ಕ ಓಡತೈತಿ, ಬೆರಳು ತಣ್ಣಗಾಗತಾವು. ಐಸ್ ಹಿಡದ್ರ ಗುನ್ಹೆ. ತಾನು ಮಾಡಿದ್ದನ್ನ ತಾ ನೆನಸಿಕೊಂಡ್ರ ಯಾವ ಗುನ್ಹೆ?" ಮೆಹಬೂಬಿ ನಕ್ಕಳು. "ಎಲ್ಲಾರ ಹತ್ರನೂ ಒಂದು ಕಲ್ಲು ಇರತೈತಿ. ನಿನಗೂ ಒಂದು ಹುಡುಕಬೇಕು. ಸಣ್ಣಾಕಿ ಇದ್ದಿ, ಏನ ಮಾಡಿರತಿ? ಹೆಸರೇನಂದಿ?"

"ಮಹಾನಂದಾ. ಕಸ್ತೂರಿ ನಮ್ಮಕ್ಕ."

ಮೆಹಬೂಬಿ ಜಗಿಯುವುದನ್ನು ನಿಲ್ಲಿಸಿದಳು. "ಅಯ್ಯ! ಆ ಚೀಲದ ತಂಗಿ ನೀನs ಏನು?"

ಅಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಮಹಾನಂದಾ ಸುಮ್ಮನೆ ಅವಳ ಮುಖ ನೋಡುತ್ತ ಕೂತಳು. ಎದುರಿಗೆ ಒಬ್ಬರು ಹಾಗೆ ಸುಮ್ಮನೆ ಕೂತರೆ ಬಾಯಿ ಇದ್ದವರಿಗೆ ತಡೆಯಲಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಹೊಸತಾಗಿ ಬಂದಾಗ ಅಕಿ ಬೆರಳ ತಣ್ಣಗs ಆಗತಿದ್ದಿಲ್ಲ. ನಾನs ಕೇಳಿ ಕೇಳಿ ಹೊರಗ ತಗಸಿದೆ" ಎಂದಳು ಕೊನೆಗೆ, ಬಾಗಿಲ ಕಡೆ ನೋಡುತ್ತ. "ನಿಮ್ಮ ಹೊಸಮನಿ ಮಾಸ್ತರು ನಿನ್ನ ಚೀಲಾ ಹಿಡಕೊಂಡು ಮನಿಗೆ ಬಂದಿದ್ರಂತ, ಹುಡುಗೀನ ಕಳಸ್ರಿ ಅಂತ. ಅಕಿ ಮೆಟ್ಟಲ ಬುಡಕ್ಕ ನಿಂತು, ತಂಗಿ ಸೊಲ್ಲಾಪುರಕ್ಕ ಹೋಗಿಬಿಟ್ಟಾಳ, ಇನ್ನ ಬರಂಗಿಲ್ಲ ಅಂದ್ಲಂತ. ನೀ ಮ್ಯಾಲೆ ಭಾಂಡೆ ತಿಕ್ಕತಿದ್ದೆಂತ. ಸಪ್ಪಳ ಕೇಳತಿತ್ತಂತ." ಮೆಹಬೂಬಿಯ ಕಣ್ಣು ತುಂಬಿತ್ತು. "ನಾ ಹೇಳಬಾರದಿತ್ತು. ಈ ಕ್ವಾಣಿ ಕಲ್ಲು ಹೊರಗ ಹೋಗಬಾರದು ಅಂತ ನಾನs ಮಾಡಿದ ರೀತಿ. ಇನ್ನ ನನಗ ಇದೂ ಒಂದು ಕಲ್ಲಾತು ನೋಡು."

ಚಹಾ ಬಂತು. ಅಂದು ಸಂಜೆಯವರೆಗೆ ಮೆಹಬೂಬಿ ಇನ್ನೂ ಆರು ಸಲ ಚಪ್ಪಾಳೆ ತಟ್ಟಿದಳು. ಆರು ಸಲವೂ ಮಹಾನಂದಾ ಅಕ್ಕನ ಬೆರಳು ನೋಡಿದಳು.

*

ಭಾನುವಾರ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿದ್ದರು. ಅಕ್ಕ ತಂಗಿ ಎದುರುಬದುರು ಕುಕ್ಕರುಗಾಲಲ್ಲಿ ಕೂತು ತೊಟ್ಟು ಮುರಿಯುತ್ತಿದ್ದರು. ಕೆಳಗಿನಿಂದ ಅವ್ವ ಯಾರನ್ನೋ ಕಿಟಕಿಯಿಂದಲೇ ಮಾತಾಡಿಸುವುದು ಕೇಳುತ್ತಿತ್ತು. ಆ ಯಾರೋ ನಿಲ್ಲದೆ ಹೊರಟುಹೋದರು.

ಎರಡು ದಿನದಿಂದ ಮಹಾನಂದಾ ಒಂದೇ ವಿಷಯವನ್ನು ಹೊರಳಿಸಿ ಹೊರಳಿಸಿ ನೋಡಿದ್ದಳು. ನನಗೆ ಗೊತ್ತಾಯಿತು, ಬಿಡು ಎಂದು ಒಂದು ಮಾತು ಅಂದರೆ ಅಕ್ಕನ ಕಲ್ಲು ಹಗುರಾಗುತ್ತದೆ. ಹಗುರಾದರೆ ಅಂಕ ಏರುತ್ತದೆ. ಅಷ್ಟೊಂದು ನಗುವವಳ ಅಂಕ ಎಪ್ಪತ್ತಾದರೂ ಆದೀತು. ಆಗ ಬಾವಿ ಓಣಿ ಮನೆ ಹಾಗಿರಲಿ, ಈ ಮಹಡಿಯೂ ಉಳಿಯುವುದಿಲ್ಲ. ಅನ್ನದೆ ಇದ್ದರೆ ಎಲ್ಲ ಇದ್ದ ಹಾಗೇ ಇರುತ್ತದೆ. ಅಕ್ಕನನ್ನು ಕ್ಷಮಿಸಿದರೆ ಮನೆಗೆ ಎಷ್ಟು ಬೀಳುತ್ತದೆ ಎಂದು ತಾನು ಲೆಕ್ಕ ಹಾಕುತ್ತಿದ್ದೇನೆ ಎಂದು ಅರಿವಾದಾಗ ಅವಳಿಗೆ ತನ್ನ ಮೇಲೇ ಹೇಸಿಗೆ ಬಂದಿತ್ತು. ಆದರೂ ಲೆಕ್ಕ ನಿಂತಿರಲಿಲ್ಲ. ಕಣ್ಣು ಮುಚ್ಚಿದರೆ ಮೇಜಿನ ಮೇಲಿನ ಆ ಬಿಳಿ ಬೆರಳುಗಳು. ಇಪ್ಪತ್ತೇಳನೆಯ ಫ್ಯಾನಿನ ಬಿರುಕು ಕೇಳಿಸಿದ ದಿನ ಒಂದು ನಿಮಿಷವೂ ತಡೆಯದೆ ನಿಲ್ಲಿಸಿ ಎಂದಿದ್ದಳು.

"ಅಕ್ಕಾ" ಎಂದಳು. "ಹೊಸಮನಿ ಮಾಸ್ತರು ಚೀಲ ತಂದಿದ್ದು ನನಗ ಗೊತ್ತಾತು."

ಕಸ್ತೂರಿಯ ಕೈ ಮೆಣಸಿನಕಾಯಿಯ ರಾಶಿಯಲ್ಲಿ ನಿಂತಿತು.

"ನನಗ ಸಿಟ್ಟಿಲ್ಲ. ಇನ್ನ ಮ್ಯಾಲೆ ಅದನ್ನ ಎತ್ತಬ್ಯಾಡ."

"ಎತ್ತಬ್ಯಾಡ?" ಕಸ್ತೂರಿಯ ದನಿ ಏರಿತು. ಕೆಳಗೆ ಅವ್ವ ಇದ್ದದ್ದು ನೆನಪಾಗಿ ಇಳಿಯಿತು. "ಎತ್ತದಿದ್ರ ತಾಸಿಗೊಮ್ಮೆ ಏನ ಮಾಡ್ಲಿ ನಾನು? ಅಜ್ಜನ ಜೋಡಿ ನಕ್ಕೊಂತ ಕುಂಡ್ರಲೇನು? ಬಾಡಗಿ ನೀ ಕೊಡತಿ? ನಿನ್ನ ಎಂಬತ್ತೊಂದರಾಗ? ನಿನಗ ಯಾರ ಕೇಳಿದ್ರು ಸಿಟ್ಟ ಐತೋ ಇಲ್ಲೋ ಅಂತ?"

ಮಹಾನಂದಾ ಕಣ್ಣು ಅರಳಿಸಿ ಅಕ್ಕನನ್ನೇ ನೋಡಿದಳು.

"ಬೈಯಿ ನನಗ. ಎರಡ ಹೊಡಿ ಬೇಕಾದ್ರ. ಹಂಗ ಎಮ್ಮಿ ಕರುವಿನಂಗ ನೋಡಬ್ಯಾಡ. ಕ್ಲಾಸಿಗೆ ಎರಡನೇ ನಂಬರ್ ಹುಡುಗೀನ ದಡ್ಡಿ ಅಂತ ಹೇಳಿ ಮನ್ಯಾಗ ಕುಂಡ್ರಿಸಿದಾಕಿ ನಾನು. ಅಕಿಗೆ ಸಿಟ್ಟ ಬರದಿದ್ರ ನಾ ಏನ..."

ಕಸ್ತೂರಿ ಅಲ್ಲಿಗೆ ನಿಂತಳು. ತಂಗಿಯ ಮುಖ ನೋಡಿ ಅವಳಿಗೆ ಗೊತ್ತಾಯಿತು.

"ಅದನ್ನ ಮೆಹಬೂಬಿ ಹೇಳಿದ್ದಿಲ್ಲೇನು?"

"ಚೀಲದ್ದಷ್ಟs ಹೇಳಿದ್ಲು" ಎಂದಳು ಮಹಾನಂದಾ.

ಬಿಸಿಲು ಚುರುಗುಡುತ್ತಿತ್ತು. ಅವಳ ಬೆರಳುಗಳು ತಣ್ಣಗಾಗಿದ್ದವು. ಹತ್ತು ವರ್ಷ ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಎಷ್ಟು ಓದೀರಿ ಎಂದು ಯಾರಾದರೂ ಕೇಳಿದಾಗಲೆಲ್ಲ ತಲೆ ತಗ್ಗಿಸಿದ್ದಳು. ತನ್ನದಲ್ಲದ ನಾಚಿಕೆಯನ್ನು ತನ್ನದೆಂದು ಹೊತ್ತುಕೊಂಡು ತಿರುಗಿದ್ದಳು.

"ಮಾಸ್ತರು ಏನಂದಿದ್ರು ಹಂಗಾರ?"

"ಇಕೀನ್ನ ಬಿಡಸಬ್ಯಾಡ್ರಿ ಅಂದ್ರು." ಕಸ್ತೂರಿ ತಲೆ ಬಗ್ಗಿಸಿದಳು. ಚಪ್ಪಾಳೆ ತಟ್ಟುವವರು ಅಲ್ಲಿ ಯಾರೂ ಇರಲಿಲ್ಲ. "ನನಗ ಹತ್ತೊಂಬತ್ತು ಆಗ. ಹೊರಗ ಹೋಗಬೇಕಾಗಿತ್ತು ನನಗ. ಅಷ್ಟs."

ಸಿಟ್ಟಿಲ್ಲ ಎಂದು ಇನ್ನೊಂದು ಸಲ ಹೇಳಲು ಮಹಾನಂದಾ ಬಾಯಿ ತೆರೆದಳು. ಈ ಸಲ ಅದು ಸುಳ್ಳಾಗುತ್ತಿತ್ತು. ಮುಚ್ಚಿಕೊಂಡು ಒಂದು ಹಿಡಿ ಮೆಣಸಿನಕಾಯಿ ಎಳೆದುಕೊಂಡು ತೊಟ್ಟು ಮುರಿಯತೊಡಗಿದಳು.

*

ಅಂದೇ ಅವ್ವನ ಮುಂದೆ ಕೂತು ಹೇಳಿದಳು. "ನಾ ಆ ಕೆಲಸಕ್ಕ ಹೋಗಂಗಿಲ್ಲ ಯವ್ವಾ. ನನಗ ಈ ಕೆಲಸ ಸೇರತೈತಿ."

"ಏನಂದಿ?"

"ಸೇರತೈತಿ. ಅಲ್ಲಿ ಕುಂತಾಗ ಖುಷಿ ಆಗತೈತಿ ನನಗ."

ಅವ್ವ ಯಾರಾದರೂ ಕೇಳಿದರೇನೋ ಎಂಬಂತೆ ಕಿಟಕಿಯ ಕಡೆ ನೋಡಿದಳು. "ಬಾಯಿಬಿಟ್ಟ ಹೇಳತಾಳ ನೋಡ್ರಿ! ನಾಚಿಕಿ ಇಲ್ಲ ನಿನಗ?"

"ಐತಿ" ಎಂದಳು ಮಹಾನಂದಾ. ಕಸ್ತೂರಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಸೋಮವಾರ ಸಂಶಿ ಸರ್ ಕಾಗದವನ್ನು ವಾಪಸು ಇಸಿದುಕೊಂಡು, ಕನ್ನಡಕ ಒರೆಸಿ, "ಹನ್ನೊಂದನೇದು ಒಮ್ಮೆ ಕೇಳ್ರಿ, ಯಾಕೋ ಅನುಮಾನ ಐತಿ" ಎಂದಷ್ಟೇ ಹೇಳಿದರು. ಅವಳು ಹೆಡ್‌ಫೋನು ಹಾಕಿಕೊಂಡಳು. ಹನ್ನೊಂದನೆಯದರ ಮೂರು ಉಸಿರೂ ಸರಿಯಾಗಿದ್ದವು. ಉಂಗುರ ಒತ್ತಿದ್ದು ಈ ಸಲ ಗೊತ್ತಾಯಿತು. ಅಕ್ಕ ಈಗ ಕಣ್ಣು ಮುಚ್ಚಿರುತ್ತಾಳೆ ಎಂದುಕೊಂಡಳು.

ತಿಂಗಳು ತುಂಬಿ ಚೀಟಿ ಬಂದಾಗ ಮಹಾನಂದಾ ಅಕ್ಕನದನ್ನು ಮೊದಲು ನೋಡಿದಳು. ಮೂವತ್ತೋ, ಐವತ್ತೋ, ಬಾಡಿಗೆ ಹೇಗೆ ಕಟ್ಟುವುದೋ ಎಂದು ವಾರದಿಂದ ಲೆಕ್ಕ ಹಾಕುತ್ತಿದ್ದಳು.

ಏಳು ಎಂದಿತ್ತು.

ಅಷ್ಟು ಕಡಿಮೆ ಅಂಕ ಅವರ ಓಣಿಯಲ್ಲಿ ಯಾರಿಗೂ ಬಂದಿರಲಿಲ್ಲ, ಗಟಾರದ ಹನಮಂತನಿಗೂ. ತಂಗಿ ಸಿಟ್ಟಿಲ್ಲ ಎಂದು ಹೇಳಿದ ಮೇಲೆ ಅಕ್ಕನ ಬೆರಳು ಹಿಂದೆಂದಿಗಿಂತ ತಣ್ಣಗಾಗಿತ್ತು. ಮಹಾನಂದಾಳದೂ ಎಪ್ಪತ್ತಮೂರಕ್ಕೆ ಇಳಿದಿತ್ತು. ಅವ್ವ ಎರಡೂ ಚೀಟಿಯನ್ನು ದೇವರ ಮುಂದೆ ಇಟ್ಟು ಕೈಮುಗಿದು, "ಶಾಣ್ಯಾ ಮಕ್ಕಳು ನನ್ನವು" ಎಂದಳು. ಬಾವಿ ಓಣಿ ಮನೆಯ ಬಾಡಿಗೆಗೆ ಸರಿಹೋಗುವಷ್ಟಾಗಿತ್ತು.

ಮನೆ ಬದಲಿಸುವ ದಿನ ನಾಲ್ಕು ಜನ ನಿಂಬೆವ್ವನನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದರು. ಅವಳು ದಾರಿಯುದ್ದಕ್ಕೂ ಮದುವಣಗಿತ್ತಿಯ ಹಾಗೆ ನಗುತ್ತಿದ್ದಳು. ಕೆಳಗೆ ಗಾಡಿಯ ಪಕ್ಕ ಕುರ್ಚಿ ಇಟ್ಟದ್ದೇ ತಡ, ಹೋಗಿ ಬರುವವರನ್ನೆಲ್ಲ ಹೆಸರು ಹಿಡಿದು ಕರೆಯತೊಡಗಿದಳು.

ಮೇಲೆ ಖಾಲಿ ಮನೆಯಲ್ಲಿ ಇಬ್ಬರೇ ಉಳಿದಿದ್ದರು. ಕಸ್ತೂರಿ ತಗಡಿನ ದೊಡ್ಡ ಡಬ್ಬದ ಮೇಲೆ ಹತ್ತಿ, ಅಟ್ಟದ ತೀರ ಒಳಗಿನ ಮೂಲೆಗೆ ಕೈ ಹಾಕಿ, ಹಳೆಯ ಜೋಳದ ಚೀಲಗಳ ಹಿಂದಿನಿಂದ ಒಂದನ್ನು ಎಳೆದಳು. ಖಾಕಿ ಬಟ್ಟೆಯ ಪಾಟಿಚೀಲ. ಒಂದು ಪಟ್ಟಿ ಹರಿದಿತ್ತು. ಮೇಲೆ ಬಿಳಿ ದಾರದಲ್ಲಿ ಮಹಾನಂದಾಳೇ ಹೊಲಿದಿದ್ದ ಮ ಅಕ್ಷರ, ಅರ್ಧ ಬಿಚ್ಚಿಹೋಗಿತ್ತು. ಕಸ್ತೂರಿ ಅದರ ಧೂಳು ಕೊಡವಲಿಲ್ಲ. ಎದೆಗೆ ಅವುಚಿಕೊಂಡು ಕೆಳಗಿಳಿದಳು.

ಮಹಾನಂದಾ ಕೈ ಚಾಚಿದಳು. "ತಾ ಅಕ್ಕಾ, ಭಾರ ಐತಿ. ನಾ ತರತೀನಿ."

ಕಸ್ತೂರಿ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಕಿವಿಗಳು ಕೆಂಪಗಾಗಿದ್ದವು.

"ಬ್ಯಾಡ" ಅಂದಳು. "ಇದು ನಂದು."

ಕೆಳಗಿನಿಂದ ಅವ್ವ ಕೂಗಿದಳು. "ಏನ ಮಾಡಾಕತ್ತೀರೇ ಇಬ್ಬರೂ? ಲಗೂನ ಬರ್ರಿ! ಕಟ್ಟಿ ಮ್ಯಾಲೆ ಬಿಸಲ ಬರೂದ್ರಾಗ ಕುಂಡ್ರಬೇಕು ನಾನು!"